ಕಪ್ಪು-ಬಿಳುಪು ಫೋಟೊದಲ್ಲಿ ಕೆಂಪು ಲಂಗ

ಹೋದ ತಿಂಗಳು ಈ ಪುಟದಲ್ಲಿ ಮಕ್ಕಳು ಹೇಳುವ ಸುಳ್ಳುಗಳ ಬಗ್ಗೆ ಬರೆದಿದ್ದೆ. ಆ ಬಳಿಕ ಬಂದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕುಳಿತಾಗ, ಅರ್ಧಕ್ಕರ್ಧ ಪತ್ರಗಳು ಸುಳ್ಳಿಗೆ ಸಂಬಂಧಪಟ್ಟವೇ ಅಲ್ಲವೆಂದು ತಿಳಿಯಿತು. ಮಗು ಕಣ್ಣಲ್ಲಿ ಕಣ್ಣಿಟ್ಟು ಹೇಳುತ್ತದೆ, ನಂಬಿ ಹೇಳುತ್ತದೆ, ಹೇಳುತ್ತಾ ಅಳುತ್ತದೆ ಕೂಡ. ಹೇಳಿದ್ದು ಮಾತ್ರ ನಡೆದಿಲ್ಲ. 31 ವರ್ಷ ಸರ್ಕಾರಿ ಆಸ್ಪತ್ರೆಯೊಂದರ ಮಕ್ಕಳ ವಿಭಾಗದಲ್ಲಿ ಆಪ್ತ ಸಲಹೆಗಾರ್ತಿಯಾಗಿ ಇಂಥ ಮಕ್ಕಳ ಎದುರು ಕುಳಿತವಳು ನಾನು; ಎಡವಿದ್ದೂ ಉಂಟು, ಅದನ್ನೂ ಕೆಳಗೆ ಹೇಳಿದ್ದೇನೆ. ಐದು ಪತ್ರಗಳನ್ನು ಆರಿಸಿದ್ದೇನೆ. ಹೆಸರು ಬಿಟ್ಟಿದ್ದೇನೆ, ಊರು ಉಳಿಸಿದ್ದೇನೆ.

ಪ್ರಶ್ನೆ: ನಮ್ಮ ಮಗನಿಗೆ ನಾಲ್ಕೂವರೆ ವರ್ಷ. ಎರಡು ತಿಂಗಳ ಹಿಂದೆ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸಂದೇಶ ಹರಿದಾಡಿತು. ಗೇಟಿನಾಚೆ ಹೋಗಬೇಡ ಎಂದು ಅವನಿಗೆ ಹೇಳಿದೆವು. ಈಗ ಅವನು, ಗೋಣಿಚೀಲದವನೊಬ್ಬ ತನ್ನ ಕೈ ಹಿಡಿದು ಎಳೆದ, ಅಜ್ಜಿ ಪೊರಕೆ ಹಿಡಿದು ಓಡಿಸಿದಳು ಎನ್ನುತ್ತಿದ್ದಾನೆ. ನನ್ನ ತಾಯಿ ಹಾಗೇನೂ ಆಗಿಲ್ಲ ಎನ್ನುತ್ತಾರೆ. ಗೇಟಿನ ಕ್ಯಾಮೆರಾ ನೋಡಿದೆವು, ಏನೂ ಇಲ್ಲ. ಆದರೂ ದಿನಕ್ಕೊಂದು ವಿವರ ಸೇರುತ್ತಿದೆ. ನಿನ್ನೆ ಆ ಮನುಷ್ಯನ ಹಲ್ಲು ಕಂದು ಎಂದ. ಇವನಿಗೆ ಸುಳ್ಳಿನ ಚಟ ಅಂಟಿತೇ?
— ಒಬ್ಬ ತಂದೆ, ದಾವಣಗೆರೆ

ಉತ್ತರ: ಮೊದಲು ಕ್ಯಾಮೆರಾ ನೋಡಿದಿರಲ್ಲ, ಅದು ಒಳ್ಳೆಯದಾಯಿತು. ಮಗು ಹೇಳಿದ್ದನ್ನು ಪರಿಶೀಲಿಸದೆ ತಳ್ಳಿಹಾಕುವವರೇ ಹೆಚ್ಚು.

ನಿಮ್ಮ ಮಗನಿಗೆ ಒಬ್ಬ ದೊಡ್ಡ ಜೊತೆಗಾರನಿದ್ದಾನೆ. ಮಕ್ಕಳ ಬುದ್ಧಿ ಬೆಳೆಯುವ ಬಗೆಯನ್ನು ಜಗತ್ತಿಗೆ ತೋರಿಸಿಕೊಟ್ಟ ಸ್ವಿಟ್ಜರ್ಲೆಂಡಿನ ಜೀನ್ ಪಿಯಾಜೆ ತನ್ನ ಎಳೆಯ ನೆನಪೊಂದನ್ನು ಬರೆದಿಟ್ಟಿದ್ದಾನೆ. ಆಗ ಅವನಿಗೆ ಸುಮಾರು ಎರಡು ವರ್ಷ. ಪ್ಯಾರಿಸ್‌ನ ಷಾಂಜೆಲಿಜೆ ಬೀದಿಯಲ್ಲಿ ದಾದಿ ಅವನನ್ನು ತಳ್ಳುಗಾಡಿಯಲ್ಲಿ ಕರೆದೊಯ್ಯುತ್ತಿದ್ದಾಗ ಒಬ್ಬ ಬಂದು ಅವನನ್ನು ಎತ್ತಿಕೊಂಡು ಹೋಗಲು ನೋಡಿದ. ದಾದಿ ಅಡ್ಡ ನಿಂತಳು, ಅವಳ ಮುಖ ಪರಚಿತು. ಪೊಲೀಸನೊಬ್ಬ ಬಂದದ್ದೇ ಕಳ್ಳ ಓಟ ಕಿತ್ತ. ಪೊಲೀಸನ ಗಿಡ್ಡ ನಿಲುವಂಗಿ, ಬಿಳಿ ಕೋಲು, ದಾದಿಯ ಮುಖದ ಗೀರು, ಎಲ್ಲವೂ ಪಿಯಾಜೆಯ ಕಣ್ಣಿಗೆ ಕಟ್ಟಿದಂತಿದ್ದವು. ಅವನಿಗೆ ಹದಿನೈದು ವರ್ಷವಾದಾಗ ಆ ದಾದಿಯಿಂದ ಮನೆಗೆ ಒಂದು ಕಾಗದ ಬಂತು. ಧರ್ಮದ ದಾರಿ ಹಿಡಿದಿದ್ದ ಅವಳು ಹಳೆಯ ತಪ್ಪುಗಳನ್ನು ಒಪ್ಪಿಕೊಳ್ಳುತ್ತಿದ್ದಳು: ಆ ಕಥೆಯನ್ನೆಲ್ಲ ತಾನೇ ಕಟ್ಟಿದ್ದು, ಮುಖ ಪರಚಿಕೊಂಡದ್ದೂ ತಾನೇ. ಮನೆಯವರು ಮೆಚ್ಚಿ ಕೊಟ್ಟಿದ್ದ ಗಡಿಯಾರವನ್ನೂ ಹಿಂದಿರುಗಿಸಿದಳು. ಮನೆಯವರು ನಂಬಿ ಹೇಳುತ್ತಿದ್ದುದನ್ನು ಕೇಳಿ ಕೇಳಿ ಮಗು ಅದನ್ನು ಚಿತ್ರವಾಗಿ ಬಿಡಿಸಿಕೊಂಡು ತನ್ನದೇ ಹಳೆಯ ದಿನಗಳೊಳಗೆ ತೂಗುಹಾಕಿಕೊಂಡಿತ್ತು.

ಇದು ಹೇಗಾಗುತ್ತದೆ? ಒಂದು ಕಾಗದ ಮನೆಗೆ ಬಂದರೆ ಅಂಚೆ ಮುದ್ರೆ ನೋಡಿ ಅದು ಎಲ್ಲಿಂದ ಬಂತೆಂದು ತಿಳಿಯುತ್ತೇವೆ. ನೆನಪಿಗೂ ಅಂಥದ್ದೊಂದು ಮುದ್ರೆ ಬೇಕು: ಇದನ್ನು ಕಂಡೆನೋ, ಯಾರೋ ಹೇಳಿದರೋ, ಕನಸೋ, ನಾನೇ ಕಲ್ಪಿಸಿಕೊಂಡೆನೋ. ಮೂರು-ನಾಲ್ಕು ವರ್ಷದ ಮಗುವಿನಲ್ಲಿ ಕಾಗದ ಉಳಿಯುತ್ತದೆ, ಮುದ್ರೆ ಬೇಗ ಮಾಸುತ್ತದೆ. ಮುದ್ರೆ ಓದುವ ಸಾಮರ್ಥ್ಯ ಆರೇಳು ವರ್ಷದ ಹೊತ್ತಿಗೆ ಬಲಗೊಳ್ಳುತ್ತಾ ಬರುತ್ತದೆ. ದೊಡ್ಡವರಾದ ನಮ್ಮಲ್ಲೂ ಅದೇನು ಪೂರ್ತಿ ಗಟ್ಟಿ ಎಂದುಕೊಳ್ಳಬೇಡಿ. ನಿಮ್ಮ ಗುಂಪಿಗೆ ಬಂದಂಥದ್ದೇ ವದಂತಿಯನ್ನು ನಂಬಿದ ಜನ 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ ಅಮಾಯಕನನ್ನು ಹೊಡೆದು ಕೊಂದರು. ಅವರಲ್ಲಿ ನಾಲ್ಕೂವರೆ ವರ್ಷದವರು ಯಾರೂ ಇರಲಿಲ್ಲ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಸ್ಟೀಫನ್ ಸೀಸಿ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ನಿಮ್ಮ ಮನೆಯ ಕಥೆಯ ಹಾಗೇ ಇದೆ. ಮಕ್ಕಳನ್ನು ವಾರಕ್ಕೊಮ್ಮೆ ಕೂರಿಸಿಕೊಂಡು, ಚೆನ್ನಾಗಿ ಯೋಚಿಸಿ ಹೇಳು, ಇಲಿಬೋನಿಗೆ ಬೆರಳು ಸಿಕ್ಕಿ ಆಸ್ಪತ್ರೆಗೆ ಹೋಗಿದ್ದೆಯಾ ಎಂದು ಕೇಳುತ್ತಿದ್ದರು. ಯಾರಿಗೂ ಹಾಗಾಗಿರಲಿಲ್ಲ. ಒಬ್ಬ ಹುಡುಗ ಮೊದಲು ಇಲ್ಲವೆಂದ. ಹತ್ತು ವಾರ ಕಳೆಯುವಷ್ಟರಲ್ಲಿ ಕಥೆ ಸಿದ್ಧವಾಗಿತ್ತು: ಅಣ್ಣನ ಜೊತೆ ಜಗಳ, ಸೌದೆ ರಾಶಿಯ ಬಳಿಯ ಇಲಿಬೋನು, ದೂರದ ಆಸ್ಪತ್ರೆಗೆ ವ್ಯಾನಿನಲ್ಲಿ ಪ್ರಯಾಣ, ಈ ಬೆರಳಿಗೇ ಪಟ್ಟಿ ಕಟ್ಟಿದರು ಎಂದು ಬೆರಳು ತೋರಿಸಿದ್ದೂ ಆಯಿತು. ಅರ್ಧಕ್ಕಿಂತ ಹೆಚ್ಚು ಮಕ್ಕಳು ನಡೆಯದ ಒಂದಾದರೂ ಘಟನೆಗೆ ಹೀಗೆ ಕಥೆ ಹೆಣೆದರು. ಅದು ನಡೆದೇ ಇಲ್ಲ ಎಂದು ತಿಳಿಸಿ ಹೇಳಿದ ಮೇಲೂ ಕೆಲವರು ಬಿಟ್ಟುಕೊಡಲಿಲ್ಲ.

ಹಾಗಾಗಿ ನನ್ನ ಕಡೆಯಿಂದ ಒಂದು ಪ್ರಶ್ನೆ. ನಿಮ್ಮ ಮಗ ಈ ಕಥೆಯನ್ನು ಎಷ್ಟು ಜನರ ಮುಂದೆ ಹೇಳಿದ್ದಾನೆ? ನೆಂಟರು ಬಂದಾಗ ‘ಆ ಗೋಣಿಚೀಲದವನ ಕಥೆ ಹೇಳು ಪುಟ್ಟ’ ಎಂದು ಎಷ್ಟು ಸಲ ಹೇಳಿಸಿದ್ದೀರಿ? ಕಂದು ಹಲ್ಲಿನ ಬಗ್ಗೆ ಕೇಳಿದವರು ಯಾರು? ಅಜ್ಜಿ ಪೊರಕೆ ಹಿಡಿದ ಭಾಗಕ್ಕೆ ಎಲ್ಲರೂ ನಕ್ಕಿರಬೇಕು, ಅಜ್ಜಿಯೂ ಒಳಗೊಳಗೇ ಖುಷಿಪಟ್ಟಿರಬೇಕು. ಕಥೆಗೆ ಗೊಬ್ಬರ ಬಿದ್ದದ್ದೇ ಹಾಗೆ. ಅವನನ್ನು ಸುಳ್ಳುಗಾರ ಎನ್ನಬೇಡಿ, ವಾದಿಸಲೂ ಬೇಡಿ. ‘ನಿನಗೆ ಹೆದರಿಕೆಯಾಗಿತ್ತು ಅಲ್ಲವೇ, ಗೇಟು ಹಾಕಿದೆ, ನಾವಿದ್ದೇವೆ’ ಎಂದು ಹೇಳಿ, ಹೇಳಿಸುವುದನ್ನು ನಿಲ್ಲಿಸಿ. ಮತ್ತೆ ಆ ವಾಟ್ಸ್‌ಆ್ಯಪ್ ಗುಂಪಿನಿಂದ ಹೊರಬನ್ನಿ. ಇದು ಮಗುವಿಗಲ್ಲ, ನಿಮಗೆ ಕೊಟ್ಟ ಔಷಧ.

ಪ್ರಶ್ನೆ: ಎಲ್‌ಕೆಜಿಗೆ ಹೋಗುವ ನನ್ನ ಮಗಳ ತೋಳಿನ ಮೇಲೆ ಒಂದು ಗೀರು ಕಂಡಿತು. ಮಿಸ್ ಹೊಡೆದರಾ ಎಂದು ಕೇಳಿದೆ. ಇಲ್ಲ ಎಂದಳು. ಹೆದರಿದ್ದಾಳೆ ಅನ್ನಿಸಿ ಮತ್ತೆ ಕೇಳಿದೆ. ಮೂರನೆಯ ಸಲ ಹೌದು ಎಂದಳು. ರಾತ್ರಿ ಅವಳ ಅಪ್ಪ ಕೇಳಿದರು, ಮರುದಿನ ಅಜ್ಜ-ಅಜ್ಜಿ ಕೇಳಿದರು. ಈಗ ಮಿಸ್ ಸ್ಕೇಲಿನಿಂದ ಹೊಡೆದರು, ಕತ್ತಲೆ ಕೋಣೆಯಲ್ಲಿ ಕೂಡಿಹಾಕಿದರು ಎನ್ನುತ್ತಾಳೆ. ಶಾಲೆಯವರು ಅಂಥ ಕೋಣೆಯೇ ಇಲ್ಲ ಎನ್ನುತ್ತಾರೆ. ಯಾರನ್ನು ನಂಬಲಿ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಇಲ್ಲಿ ಕುಳಿತು ನಾನು ತೀರ್ಪು ಕೊಡಲಾರೆ. ಮಿಸ್ ಹೊಡೆದಿರಲೂಬಹುದು. ನಿಮ್ಮ ಪತ್ರದಲ್ಲಿ ನನಗೆ ಖಚಿತವಾಗಿ ಕಾಣುವ ಸಂಗತಿ ಒಂದೇ: ಮೊದಲ ಉತ್ತರ ‘ಇಲ್ಲ’ ಎಂದಿತ್ತು, ಅದನ್ನು ನೀವು ಸ್ವೀಕರಿಸಲಿಲ್ಲ.

ಒಂದೇ ಪ್ರಶ್ನೆಯನ್ನು ಎರಡನೆಯ ಸಲ ಕೇಳಿದರೆ ನಾಲ್ಕು ವರ್ಷದ ಮಗುವಿಗೆ ಅರ್ಥವಾಗುವುದು ‘ನೀನು ಮೊದಲು ಹೇಳಿದ್ದು ತಪ್ಪು’ ಎಂದು. ಶಾಲೆಯಲ್ಲಿ ಮಗ್ಗಿ ಒಪ್ಪಿಸುವಾಗ ಮೇಷ್ಟ್ರು ಮತ್ತೆ ಕೇಳುವುದು ಉತ್ತರ ತಪ್ಪಿದಾಗ ತಾನೇ? ಮಗು ಉತ್ತರ ಬದಲಿಸುತ್ತದೆ. ದೊಡ್ಡವರು ಕೇಳಿದ್ದಕ್ಕೆಲ್ಲ ಉತ್ತರ ಇರಲೇಬೇಕು ಎಂಬುದು ಅದರ ನಂಬಿಕೆ. ಹ್ಯೂಸ್ ಮತ್ತು ಗ್ರೀವ್ ಎಂಬ ಇಬ್ಬರು ಸಂಶೋಧಕರು 1980ರಲ್ಲಿ ಐದು ಮತ್ತು ಏಳು ವರ್ಷದ ಮಕ್ಕಳಿಗೆ, ಹಾಲು ನೀರಿಗಿಂತ ದೊಡ್ಡದೇ, ಕೆಂಪು ಹಳದಿಗಿಂತ ಭಾರವೇ ಎಂದೆಲ್ಲ ಕೇಳಿದರು. ಬಹುಪಾಲು ಮಕ್ಕಳು ಗಂಭೀರವಾಗಿ ಉತ್ತರ ಕೊಟ್ಟರು! ಇನ್ನೂ ಹಿಂದಕ್ಕೆ ಹೋದರೆ, 1900ರಲ್ಲಿ ಫ್ರಾನ್ಸಿನ ಮನೋವಿಜ್ಞಾನಿ ಆಲ್ಫ್ರೆಡ್ ಬಿನೆ ಹಲಗೆಗೆ ಗೋಂದಿನಿಂದ ಅಂಟಿಸಿದ ಗುಂಡಿಯನ್ನು ತೋರಿಸಿ, ಆಮೇಲೆ ಅದನ್ನು ಕಟ್ಟಿದ್ದ ದಾರದ ಬಗ್ಗೆ ಕೇಳಿದ. ಇಲ್ಲದ ದಾರ ಮಕ್ಕಳಿಗೆ ಕಂಡಿತು. ಮುಂದಿನ ದಶಕದಲ್ಲಿ ಬೆಲ್ಜಿಯಂನ ಒಂದು ಕೊಲೆ ಮೊಕದ್ದಮೆಯಲ್ಲಿ ಪುಟ್ಟ ಮಕ್ಕಳ ಸಾಕ್ಷ್ಯವನ್ನು ಪರೀಕ್ಷಿಸಲು ಹೊರಟ ವರೆಂಡಾಂಕ್ ಎಂಬವನು, ಒಂದು ತರಗತಿಯ ಪುಟ್ಟ ಮಕ್ಕಳಿಗೆ ಒಬ್ಬ ಮೇಷ್ಟ್ರ ಗಡ್ಡದ ಬಣ್ಣ ಯಾವುದು ಎಂದು ಕೇಳಿದ. ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಬಣ್ಣ ಹೇಳಿದರು. ಮೇಷ್ಟ್ರಿಗೆ ಗಡ್ಡವೇ ಇರಲಿಲ್ಲ. ಹಾಗೆಂದು ಹೇಳಿದ್ದು ಒಂದೇ ಮಗು. ಆ ಒಂದು ಮಗುವಿನ ಬಗ್ಗೆ ನನಗೆ ಬಹಳ ಪ್ರೀತಿ. ಉಳಿದವರದು ಹೌದಪ್ಪನ ಚಾವಡಿ.

ನನ್ನದೇ ಒಂದು ತಪ್ಪು ಹೇಳುತ್ತೇನೆ. 1989ರಲ್ಲಿ, ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಐದು ವರ್ಷದ ಒಬ್ಬ ಹುಡುಗನನ್ನು ಕರೆತಂದರು. ಕಾಲಿನ ಮೀನಖಂಡದ ಮೇಲೆ ಸುಟ್ಟ ಗಾಯ. ತಂದೆ ಕುಡಿಯುತ್ತಿದ್ದ, ಬೀಡಿ ಸೇದುತ್ತಿದ್ದ. ನಾನು ಎಲ್ಲ ಗೊತ್ತಿದ್ದವಳ ಹಾಗೆ ಮಂಡಿಯೂರಿ ಕುಳಿತು, ಮೃದುವಾಗಿ ‘ಅಪ್ಪ ಬೀಡಿಯಿಂದ ಸುಟ್ಟರಾ?’ ಎಂದೆ. ಹುಡುಗ ತಲೆಯಾಡಿಸಿದ. ‘ಕೋಪ ಬಂದಿತ್ತಾ ಅಪ್ಪನಿಗೆ?’ ತಲೆಯಾಡಿಸಿದ. ‘ಅಮ್ಮ ಅಳುತ್ತಿದ್ದಳಾ?’ ಅದಕ್ಕೂ. ಕಡತದಲ್ಲಿ ನಾನು ‘ಮಗು ತಿಳಿಸಿದಂತೆ’ ಎಂದು ಶುರುಮಾಡಿ ಒಂದು ಪುಟ ಬರೆದೆ. ಮಗು ಒಂದು ಪದವನ್ನೂ ಆಡಿರಲಿಲ್ಲ. ಎರಡು ವಾರಗಳ ಮೇಲೆ ಪಕ್ಕದ ಮನೆಯವರೊಬ್ಬರು, ತಮ್ಮ ಸ್ಕೂಟರಿನ ಸೈಲೆನ್ಸರ್ ತಾಗಿದ್ದೆಂದೂ ಬರ್ನಾಲ್ ಹಚ್ಚಿದ್ದು ತಾವೇ ಎಂದೂ ಹೇಳಿದರು. ಆ ದಿನ ತಂದೆ ಊರಲ್ಲೇ ಇರಲಿಲ್ಲ. ಅಷ್ಟರಲ್ಲಿ ಹುಡುಗ ಬೀಡಿಯ ಕಥೆಯನ್ನು ಬಾಯಿಬಿಟ್ಟು, ತನ್ನ ಮಾತಿನಲ್ಲೇ, ಬೀಡಿ ಕಟ್ಟಿನ ಕೆಂಪು ದಾರದ ಸಮೇತ ಹೇಳತೊಡಗಿದ್ದ. ಆ ದಾರ ನನ್ನ ಪ್ರಶ್ನೆಯಲ್ಲಿ ಇರಲಿಲ್ಲ. ನಾನು ಬೀಜ ಹಾಕಿದ್ದೆ, ಎಲೆ-ಬಳ್ಳಿ ಅವನದು.

ಇನ್ನು ನೀವು ಮಾಡಬೇಕಾದದ್ದು. ಇವತ್ತೇ ಒಂದು ಹಾಳೆ ತೆಗೆದುಕೊಂಡು ಮೊದಲ ದಿನ ನೀವು ಕೇಳಿದ ಪ್ರಶ್ನೆ, ಅವಳು ಕೊಟ್ಟ ಉತ್ತರ, ಎರಡನ್ನೂ ನೆನಪಿರುವಷ್ಟು ಅದೇ ಪದಗಳಲ್ಲಿ ಬರೆಯಿರಿ. ನಿಮ್ಮ ಪ್ರಶ್ನೆಯನ್ನು ಬಿಟ್ಟು ಅವಳ ಉತ್ತರವನ್ನಷ್ಟೇ ಬರೆದರೆ ಆ ಹಾಳೆಗೆ ಬೆಲೆಯಿಲ್ಲ. ಮನೆಯಲ್ಲಿ ಎಲ್ಲರಿಗೂ ಕೇಳುವುದನ್ನು ನಿಲ್ಲಿಸಲು ಹೇಳಿ. ಅವಳಾಗಿ ಮಾತು ತೆಗೆದರೆ ‘ಏನಾಯಿತು ಹೇಳು’ ಎನ್ನಿ, ಆಮೇಲೆ ‘ಮತ್ತೆ?’ ಎನ್ನಿ, ಅಷ್ಟೇ. ‘ಗೊತ್ತಿಲ್ಲ’ ಎನ್ನುವುದು ಒಳ್ಳೆಯ ಉತ್ತರವೇ ಎಂದು ಅವಳಿಗೆ ತಿಳಿಸಿ. ನಮ್ಮ ಮಕ್ಕಳಿಗೆ ಈ ಮಾತನ್ನು ಯಾರೂ ಹೇಳಿಕೊಡುವುದಿಲ್ಲ. ಶಾಲೆಯ ಕಡೆ, ಇತರ ಮಕ್ಕಳ ತೋಳುಗಳ ಕಡೆ, ಗೀರಿನ ಅಳತೆಯ ಕಡೆ ನೋಡಿ. ಅನುಮಾನ ಉಳಿದರೆ ಮಕ್ಕಳ ಜೊತೆ ಮಾತಾಡಲು ತರಬೇತಿ ಇರುವವರ ಹತ್ತಿರ ಹೋಗಿ, ಒಂದೇ ಸಲ ಹೋಗಿ. ಸಹಾಯವಾಣಿ 1098 ಇದೆ.

ಪ್ರಶ್ನೆ: ನಿಮ್ಮಂಥವರ ಈ ಮಾತುಗಳನ್ನು ಹಿಡಿದುಕೊಂಡೇ ನ್ಯಾಯಾಲಯದಲ್ಲಿ ಮಕ್ಕಳ ಸಾಕ್ಷ್ಯವನ್ನು ಹರಿದುಹಾಕುತ್ತಾರೆ. ಚಿಕ್ಕ ಮಕ್ಕಳ ಮಾತನ್ನು ನಂಬಬಾರದು ಎಂದೇ ನಿಮ್ಮ ಅಭಿಪ್ರಾಯ?
— ನಿವೃತ್ತ ಮುಖ್ಯೋಪಾಧ್ಯಾಯರು, ಧಾರವಾಡ

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ, ಸರ್. ನನ್ನ ಅಭಿಪ್ರಾಯ ಅದಕ್ಕೆ ತದ್ವಿರುದ್ಧ. ಮಗು ತಾನಾಗಿಯೇ, ಯಾರೂ ಕೆದಕದೆ, ತನ್ನ ಮಾತಿನಲ್ಲಿ ಹೇಳಿದ್ದನ್ನು ಗಂಭೀರವಾಗಿ ತೆಗೆದುಕೊಳ್ಳಲೇಬೇಕು. ಮೂರು ವರ್ಷದ ಮಗು ಕೂಡ ತನಗಾದದ್ದನ್ನು ಸರಿಯಾಗಿ ಹೇಳಬಲ್ಲದು. ಅದನ್ನು ಕೆಡಿಸುವವರು ನಾವು.

1995ರಲ್ಲಿ ಲೈಕ್‌ಟ್‌ಮನ್ ಮತ್ತು ಸೀಸಿ ನಡೆಸಿದ ಪರೀಕ್ಷೆ ಎರಡೂ ಬದಿಯನ್ನು ತೋರಿಸುತ್ತದೆ. ಸ್ಯಾಮ್ ಸ್ಟೋನ್ ಎಂಬ ಹೆಸರಿನ ಅಪರಿಚಿತನೊಬ್ಬ ಶಿಶುವಿಹಾರಕ್ಕೆ ಬಂದು, ಎರಡು ನಿಮಿಷ ನಿಂತು, ಕೈಬೀಸಿ ಹೊರಟುಹೋದ. ಏನನ್ನೂ ಮುಟ್ಟಲಿಲ್ಲ. ಯಾವ ಸೂಚನೆಯನ್ನೂ ಕೊಡದೆ ವಿಚಾರಿಸಿದ ಮಕ್ಕಳು ಹೆಚ್ಚುಕಡಿಮೆ ಸರಿಯಾಗಿಯೇ ಹೇಳಿದರು. ಇನ್ನೊಂದು ಗುಂಪಿಗೆ, ಅವನು ಬರುವ ಮೊದಲೇ ‘ಸ್ಯಾಮ್ ಸ್ಟೋನ್ ಎಂದರೆ ಎಲ್ಲವನ್ನೂ ಮುರಿಯುವವನು’ ಎಂಬ ಕಥೆಗಳನ್ನು ವಾರವಾರ ಹೇಳಿದ್ದರು. ಹೋದ ಮೇಲೆ ‘ಪುಸ್ತಕವನ್ನು ಬೇಕೆಂದೇ ಹರಿದನೋ, ಗೊತ್ತಿಲ್ಲದೆ ಹರಿದನೋ’ ಎಂದು ಮತ್ತೆ ಮತ್ತೆ ಕೇಳಿದ್ದರು. ಈ ಗುಂಪಿನ ಮೂರು-ನಾಲ್ಕು ವರ್ಷದವರಲ್ಲಿ ಶೇ 72ರಷ್ಟು ಮಕ್ಕಳು ಅವನು ಪುಸ್ತಕವನ್ನೋ ಗೊಂಬೆಯನ್ನೋ ಹಾಳು ಮಾಡಿದ ಎಂದರು. ಆ ವಿಡಿಯೊಗಳನ್ನು ಈ ಕ್ಷೇತ್ರದ ಪಂಡಿತರಿಗೇ ತೋರಿಸಿದರೆ ಯಾವ ಮಗುವಿನ ಮಾತು ನಿಜವೆಂದು ಅವರಿಗೂ ಗುರುತಿಸಲಾಗಲಿಲ್ಲ. ‘ಮುಖ ನೋಡಿದರೆ ಗೊತ್ತಾಗುತ್ತದೆ’ ಎನ್ನುವ ನನ್ನ ಹಳೆಯ ಸಹೋದ್ಯೋಗಿಗಳು ನೆನಪಾಗುತ್ತಾರೆ.

ಕೆಟ್ಟ ಪ್ರಶ್ನೆಗಳ ಬೆಲೆ ಏನೆಂದು ಅಮೆರಿಕ ಕಂಡಿದೆ. ನ್ಯೂಜೆರ್ಸಿಯ ಮೇಪಲ್‌ವುಡ್‌ನ ಶಿಶುವಿಹಾರದ ಯುವ ಶಿಕ್ಷಕಿಯೊಬ್ಬಳಿಗೆ, ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದಳೆಂದು, 1988ರಲ್ಲಿ 47 ವರ್ಷಗಳ ಸೆರೆವಾಸ ವಿಧಿಸಿದರು. ಮಕ್ಕಳನ್ನು ಪದೇ ಪದೇ ವಿಚಾರಿಸಿದ್ದರು, ಆಸೆ ತೋರಿಸಿದ್ದರು, ‘ನಿನ್ನ ಗೆಳೆಯರೆಲ್ಲ ಆಗಲೇ ಹೇಳಿದ್ದಾರೆ’ ಎಂದಿದ್ದರು. 1993ರಲ್ಲಿ ಮೇಲ್ಮನವಿ ನ್ಯಾಯಾಲಯ ಶಿಕ್ಷೆಯನ್ನು ರದ್ದುಪಡಿಸಿತು. ಅಷ್ಟರಲ್ಲಿ ಅವಳು ಐದು ವರ್ಷ ಜೈಲಿನಲ್ಲಿ ಕಳೆದಿದ್ದಳು. ಆ ಮಕ್ಕಳ ಗತಿಯನ್ನೂ ಯೋಚಿಸಿ. ಆಗದ ನೋವನ್ನು ಆದದ್ದೆಂದು ಹೊತ್ತು ಬೆಳೆಯುವುದು ಸಣ್ಣ ಶಿಕ್ಷೆಯಲ್ಲ.

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ನಮ್ಮ 2012ರ ಪೋಕ್ಸೊ ಕಾಯ್ದೆ ಈ ವಿಷಯದಲ್ಲಿ ವಿವೇಕದಿಂದ ಬರೆದದ್ದು. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದು ಬಯಸಿದ ಜಾಗದಲ್ಲೋ ಪಡೆಯಬೇಕು, ಅಧಿಕಾರಿ ಸಮವಸ್ತ್ರದಲ್ಲಿ ಇರಬಾರದು. ವಕೀಲರು ಮಗುವಿಗೆ ನೇರವಾಗಿ ಪ್ರಶ್ನೆ ಹಾಕುವಂತಿಲ್ಲ, ನ್ಯಾಯಾಧೀಶರ ಮೂಲಕವೇ ಕೇಳಬೇಕು. ಸಾಕ್ಷಿ ಹೇಳಲು ಮಗುವನ್ನು ಮತ್ತೆ ಮತ್ತೆ ಕರೆಯಬಾರದು. ಇದು ಮಗುವಿನ ಮೇಲಿನ ಕರುಣೆಯಷ್ಟೇ ಎಂದು ಹಲವರು ತಿಳಿದಿದ್ದಾರೆ. ನೆನಪನ್ನು ಕೆಡದಂತೆ ಕಾಪಾಡುವ ಉಪಾಯವೂ ಹೌದು. ಮಗು ನ್ಯಾಯಾಲಯಕ್ಕೆ ಬರುವ ಮೊದಲೇ ಮನೆ, ಓಣಿ, ಶಾಲೆಗಳಲ್ಲಿ ಇಪ್ಪತ್ತು ಜನ ಅದನ್ನು ವಿಚಾರಿಸಿ ಮುಗಿಸಿರುತ್ತಾರಲ್ಲ, ಅವರಿಗೆ ಮಾತ್ರ ಯಾವ ಕಾಯ್ದೆಯೂ ಇಲ್ಲ.

ಪ್ರಶ್ನೆ: ಮೂರು ವರ್ಷದ ಮೊಮ್ಮಗ ‘ನನ್ನ ಹಳೆಯ ಮನೆಯಲ್ಲಿ ಎರಡು ಎಮ್ಮೆ ಇದ್ದವು, ಬಾವಿ ಇತ್ತು’ ಎನ್ನುತ್ತಾನೆ. ಪೂರ್ವಜನ್ಮದ ಸ್ಮರಣೆ ಎಂದು ಮನೆಯವರೆಲ್ಲ ಹೇಳುತ್ತಿದ್ದಾರೆ. ಬಾವಿ ಇರುವ ಮನೆಯೊಂದನ್ನು ಹುಡುಕಿದ್ದೇವೆ. ಕರೆದುಕೊಂಡು ಹೋಗೋಣವೇ?
— ಅಜ್ಜಿ, ಕುಂದಾಪುರ

ಉತ್ತರ: ಅಮ್ಮಾ, ನಿಮ್ಮ ಸೀಮೆಯಲ್ಲಿ ಬಾವಿ ಇಲ್ಲದ ಮನೆಯನ್ನು ಹುಡುಕುವುದೇ ಕಷ್ಟ!

ಪುನರ್ಜನ್ಮದ ಬಗ್ಗೆ ನಿಮ್ಮ ನಂಬಿಕೆಯ ತಂಟೆಗೆ ನಾನು ಬರುವುದಿಲ್ಲ. ಈ ಬಗೆಯ ಮಕ್ಕಳನ್ನು ವರ್ಜೀನಿಯಾ ವಿಶ್ವವಿದ್ಯಾಲಯದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಮತ್ತು ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದ್ದ ಸತ್ವಂತ್ ಪಸ್ರೀಚಾ ದಶಕಗಳ ಕಾಲ ಅಭ್ಯಸಿಸಿದರು. ಆ ಕೆಲಸದ ಮೇಲೆ ಬಂದ ದೊಡ್ಡ ಆಕ್ಷೇಪ ಏನೆಂದರೆ, ಬಹಳಷ್ಟು ಪ್ರಕರಣಗಳಲ್ಲಿ ಎರಡೂ ಮನೆಯವರು ಭೇಟಿಯಾದ ಮೇಲೆಯೇ ಮಗುವಿನ ಮಾತುಗಳು ದಾಖಲಾದವು. ಭೇಟಿಯಾದ ಮೇಲೆ ಯಾರು ಏನನ್ನು ಮೊದಲು ಹೇಳಿದ್ದು ಎಂಬುದು ಹಾಲಿಗೆ ಬಿದ್ದ ನೀರಿನಂತೆ ಬೆರೆತುಹೋಗುತ್ತದೆ. ಆದ್ದರಿಂದ ಈಗಲೇ ಹೋಗಬೇಡಿ. ಅವನು ಹೇಳಿದ್ದನ್ನು ತಾರೀಖು ಹಾಕಿ ಬರೆದಿಡಿ, ‘ಎಮ್ಮೆಯ ಹೆಸರು ಗೌರಿಯೇ?’ ಎಂದೆಲ್ಲ ಕೇಳಬೇಡಿ. ಐದಾರು ವರ್ಷವಾಗುವಾಗ ಬಹಳಷ್ಟು ಮಕ್ಕಳು ಇಂಥ ಮಾತು ತಾವಾಗಿಯೇ ಬಿಡುತ್ತಾರೆ. ಪಕ್ಕದ ಮನೆಯಲ್ಲಿ ಎಮ್ಮೆ ಇದೆಯೇ ಎಂದೂ ಒಮ್ಮೆ ನೋಡಿ.

ಪ್ರಶ್ನೆ: ನನಗೆ ಹನ್ನೊಂದು ವರ್ಷ. ನನ್ನ ನಾಮಕರಣ ನನಗೆ ಚೆನ್ನಾಗಿ ನೆನಪಿದೆ. ತೊಟ್ಟಿಲಿಗೆ ಮಲ್ಲಿಗೆ ಕಟ್ಟಿದ್ದರು, ಸೋದರತ್ತೆ ಕಿವಿಯಲ್ಲಿ ಹೆಸರು ಹೇಳಿದರು. ಅಮ್ಮ ನಗುತ್ತಾಳೆ. ನನಗೆ ನಿಜವಾಗಿ ನೆನಪಿದೆ. ನೀವಾದರೂ ನಂಬುತ್ತೀರಾ?
— ಆರನೆಯ ತರಗತಿಯ ಹುಡುಗಿ, ಶಿರಸಿ

ಉತ್ತರ: ನಿನಗೆ ಅದು ನೆನಪಿದೆ ಎಂಬುದನ್ನು ಪೂರ್ತಿ ನಂಬುತ್ತೇನೆ. ಅದು ನಾಮಕರಣದ ದಿನದ್ದೇ ನೆನಪು ಎಂಬುದನ್ನು ಮಾತ್ರ ನಂಬುವುದಿಲ್ಲ. ದೊಡ್ಡವರಾದ ಮೇಲೆ ಬಹಳ ಜನರಿಗೆ ಉಳಿಯುವ ಮೊದಲ ನೆನಪು ಮೂರು-ಮೂರೂವರೆ ವರ್ಷದ್ದು. ಅದಕ್ಕೂ ಹಿಂದಿನವು ಎಳವೆಯಲ್ಲಿ ಸ್ವಲ್ಪ ಕಾಲ ಇರುತ್ತವೆ, ಏಳೆಂಟು ವರ್ಷದ ಹೊತ್ತಿಗೆ ಅಳಿಸಿಹೋಗುತ್ತವೆ. ನಿಮ್ಮ ಮನೆಯಲ್ಲಿ ನಾಮಕರಣದ ಆಲ್ಬಮ್ಮೋ ವಿಡಿಯೊವೋ ಇರಬೇಕು. ಒಂದು ವಿಷಯ ಗಮನಿಸು: ಆ ನೆನಪಿನಲ್ಲಿ ನೀನು ತೊಟ್ಟಿಲಿನ ಒಳಗಿನಿಂದ ಮೇಲಕ್ಕೆ ನೋಡುತ್ತಿದ್ದೀಯಾ, ಹೊರಗೆ ನಿಂತು ತೊಟ್ಟಿಲನ್ನು ನೋಡುತ್ತಿದ್ದೀಯಾ? ಹೊರಗೆ ನಿಂತಿದ್ದರೆ, ಅಲ್ಲಿ ನಿಂತಿದ್ದವರು ಫೋಟೊ ತೆಗೆಯುವವರು.

ಚಿತ್ರಗಳ ಶಕ್ತಿಯೇ ಹಾಗೆ. ನ್ಯೂಜಿಲೆಂಡಿನಲ್ಲಿ 2002ರ ಒಂದು ಅಧ್ಯಯನದಲ್ಲಿ 20 ಮಂದಿ ದೊಡ್ಡವರಿಗೆ, ಬಾಲ್ಯದಲ್ಲಿ ಬಿಸಿಗಾಳಿಯ ಬಲೂನಿನಲ್ಲಿ ಹಾರಿದಂತೆ ಕೃತಕವಾಗಿ ಜೋಡಿಸಿದ ಅವರದೇ ಫೋಟೊ ತೋರಿಸಿದರು. ಯಾರೂ ಹಾರಿರಲಿಲ್ಲ. ಕೆಲವೇ ದಿನಗಳಲ್ಲಿ ಹತ್ತು ಮಂದಿಗೆ ಆ ಹಾರಾಟ ಅಷ್ಟಿಷ್ಟಾದರೂ ನೆನಪಾಯಿತು.

ನನ್ನದೂ ಕೇಳು, ನಿನ್ನ ಊರಿನದೇ. ಮಾರಿಕಾಂಬಾ ಜಾತ್ರೆಯಲ್ಲಿ ದೊಡ್ಡ ತಿರುಗುತೊಟ್ಟಿಲಿನಲ್ಲಿ ಮಾವನ ತೊಡೆಯ ಮೇಲೆ ಕುಳಿತದ್ದು ನನ್ನ ಅತ್ಯಂತ ಹಳೆಯ ನೆನಪು. ಕೆಂಪು ಲಂಗ ತೊಟ್ಟಿದ್ದೆ, ಕೈಯಲ್ಲಿ ಪೀಪಿ ಇತ್ತು, ಮೇಲೆ ಹೋದಾಗ ಹೊಟ್ಟೆಯಲ್ಲಿ ಚಳಕ್ ಎಂದಿತ್ತು. ಇಪ್ಪತ್ತೆರಡು ವರ್ಷದವರೆಗೂ ಇದನ್ನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಒಂದು ದಿನ ಅಮ್ಮ ಟ್ರಂಕಿನಿಂದ ಹಳೆಯ ಫೋಟೊ ತೆಗೆದಳು. ತೊಟ್ಟಿಲು ಇತ್ತು, ಮಾವ ಇದ್ದ, ಅವನ ತೊಡೆಯ ಮೇಲೆ ಇದ್ದವಳು ನನ್ನ ಅಕ್ಕ. ಆ ಮಾವ ತೀರಿಕೊಂಡದ್ದು ನಾನು ಹುಟ್ಟುವುದಕ್ಕೆ ಎರಡು ವರ್ಷ ಮೊದಲು. ಫೋಟೊ ಕಪ್ಪು-ಬಿಳುಪಿನದು, ಕೆಂಪು ಎಲ್ಲಿಂದ ಬಂತೋ ಕಾಣೆ. ಅಕ್ಕನಿಗೆ ಆ ಜಾತ್ರೆಯ ನೆನಪು ಒಂದಿಷ್ಟೂ ಇರಲಿಲ್ಲ.

ಹೊಟ್ಟೆಯ ಆ ಚಳಕ್ ನನಗೆ ಈಗಲೂ ಆಗುತ್ತದೆ. ಹೋದ ವಾರ ಅಕ್ಕನಿಗೆ ಫೋನ್ ಮಾಡಿ, ಈ ವಿಷಯವನ್ನು ಅಂಕಣದಲ್ಲಿ ಬರೆಯಲೇ ಎಂದು ಕೇಳಿದೆ. ‘ಬರೆ, ಆದರೆ ಲಂಗ ಹಸಿರು ಎಂದು ಬರೆ’ ಎಂದಳು. ನಿನಗೆ ನೆನಪೇ ಇಲ್ಲ ಎಂದಿದ್ದೆಯಲ್ಲ ಎಂದೆ. ‘ಇರಲಿಲ್ಲ. ನೀನು ಇಷ್ಟು ವರ್ಷ ಹೇಳಿ ಹೇಳಿ, ಈಗ ನೆನಪಾಗುತ್ತಿದೆ’ ಎಂದಳು.